ಮೊದಲು ಸೆಲ್ವಿಯ ಬಾಗಿಲಿಗೆ

ಚಾಂಪಿಯನ್ ರೀಫ್ಸ್
12 ಜನವರಿ 2025, ಭಾನುವಾರ

ಪ್ರೀತಿಯ ಅಂಬರೀಶಣ್ಣನಿಗೆ,

ಹೇಗಿದ್ದೀಯ? ಹೊಸೂರಿನ ಚಳಿ ಮೈಗೆ ಒಗ್ಗಿತೇ? ಶ್ಯಾಮಲಾ ಅತ್ತಿಗೆ ಚೆನ್ನಾಗಿದ್ದಾರೆಯೇ? ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ಕೇಳಬೇಕಾದ್ದನ್ನು ಕೇಳಿದ್ದಾಯಿತು. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅಲ್ಲಿ ನೀನು ನನ್ನ ಮಾತಿನ ಮಧ್ಯೆ ಬಾಯಿ ಹಾಕುತ್ತೀಯ. ಕಾಗದದ ಮಧ್ಯೆ ಬಾಯಿ ಹಾಕಲು ನಿನ್ನಿಂದಲೂ ಆಗುವುದಿಲ್ಲ. ಪೂರ್ತಿ ಓದು.

ನಾನು ಮತ್ತೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದೇನೆ. ಸಂಜೆಯ ರೈಲಿನ ಲೇಡೀಸ್ ಬೋಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಾಲೂರು ಬರುವಷ್ಟರಲ್ಲಿ ಎದೆ ಡವಡವ, ಕೈ ಜೋಮು, ಈಗಲೇ ಸತ್ತೆ ಎನ್ನುವ ಭಯ. ಅದು ಈಗಲೂ ಬರುತ್ತದೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಮಾತ್ರೆಯ ಜೊತೆಗೆ, ಕಣ್ಣು ಮುಚ್ಚಿ ಉಸಿರನ್ನೇ ಗಮನಿಸುವ ಅಭ್ಯಾಸ ಹೇಳಿಕೊಟ್ಟರು. ಕಣ್ಣು ಮುಚ್ಚಿದರೆ ನನಗೆ ಆ ಮೆಣಸಿನಕಾಯಿ ಹೊಗೆಯೇ ನೆನಪಾಗುತ್ತಿತ್ತು. "ಹಾಗಾದ್ರೆ ಕಣ್ಣು ಬಿಟ್ಕೊಂಡು ಕೈ ಕೆಲಸ ಗಮನಿಸು" ಎಂದರು. ಅದಕ್ಕೇ ಬೆಳಿಗ್ಗೆ ಅವರೆಕಾಳು ನೆನೆಹಾಕಿ ಡಬ್ಬಿಯಲ್ಲಿ ಒಯ್ಯುತ್ತೇನೆ. ವಾಪಸು ಬರುವಾಗ ಒಂದೊಂದೇ ಕಾಳು ಹಿತುಕುವುದು. ತಣ್ಣಗಿದೆ, ಜಾರುತ್ತಿದೆ, ಸಿಪ್ಪೆ ಬಿಟ್ಟಿತು. ಅದರ ಜೊತೆಗೆ ಉಸಿರೂ ನಿಧಾನವಾಗಿ ಹೊರಗೆ. ಬಂಗಾರಪೇಟೆ ಬರುವಷ್ಟರಲ್ಲಿ ಭಯ ಇಳಿದಿರುತ್ತದೆ, ರಾತ್ರಿಯ ಸಾರಿಗೆ ಬೇಳೆಯೂ ಆಗಿರುತ್ತದೆ. ನಿಜ ಹೇಳಲೇ? ಮೊದಲ ವಾರ ಪ್ರತಿ ಕಾಳನ್ನೂ ನಿನ್ನ ತಲೆಯೆಂದುಕೊಂಡೇ ಹಿತುಕಿದೆ. ಡಾಕ್ಟರಮ್ಮ ನಕ್ಕು, "ಸಿಟ್ಟು ಬಂದ್ರೆ ಸಿಟ್ಟು ಬಂತು ಅಂತ ನೋಡಮ್ಮ" ಎಂದರು. ನೋಡುತ್ತಲೇ ಇದ್ದೇನೆ. ಅದು ಎಲ್ಲೂ ಹೋಗಿಲ್ಲ.

ಎರಡು ವರ್ಷದ ಹಿಂದೆ ಇದೇ ಭಯಕ್ಕೆ ನೀನು ಕೊಡಿಸಿದ ಮದ್ದು ನೆನಪಿದೆಯೇ? "ಹಳೇ ಗಣಿ ಶಾಫ್ಟ್ ತಾವ ಓಗವ್ಳೆ, ಒಳಗ್ ಸತ್ತೋರು ಯಾರೋ ಇಡ್ಕೊಂಡವ್ರೆ" ಎಂದೆ ನೀನು. ಬೇತಮಂಗಲದ ಕಡೆಯಿಂದ ಮಂತ್ರವಾದಿಯನ್ನು ಕರೆತಂದು, ನಮ್ಮ ಸಾಲುಮನೆಗಳ ಜನರೆಲ್ಲ ನೋಡುವಂತೆ ಬೀದಿ ನಲ್ಲಿಯ ಮುಂದೆ ನನ್ನನ್ನು ಕೂರಿಸಿದೆ. ಉಸಿರೇ ಸಿಗದವಳ ಮುಖಕ್ಕೆ ಮೆಣಸಿನಕಾಯಿ ಹೊಗೆ! ಮೇಲೆ ಬೇವಿನ ಕೊಂಬೆಯ ಏಟು. "ಯಾರ್ಲೇ ನೀನು? ಎಸ್ರೇಳು!" ಎಂದು ಅವನಿಗಿಂತ ಜೋರಾಗಿ ಕೂಗಿದವನು ನೀನು. ಹೆಸರು ಹೇಳದೆ ಏಟು ನಿಲ್ಲುವುದಿಲ್ಲವೆಂದು ತಿಳಿದು, ನಾನು ಬಾಯಿಗೆ ಬಂದ ಹೆಸರು ಹೇಳಿಬಿಟ್ಟೆ: ಮುನಿಶಾಮಿ. ಎದುರು ಮನೆಯ ಸೆಲ್ವಿಯ ಅಪ್ಪ, ಗಣಿಯೊಳಗೆ ಸತ್ತವರು. ನನ್ನ ಜೀವದ ಗೆಳತಿಯ ಅಪ್ಪನನ್ನು ನಾನು ದೆವ್ವ ಮಾಡಿದೆ. "ದೆವ್ವಾನೇ ಎಸ್ರೇಳೈತೆ, ಸುಳ್ಳಾ?" ಎಂದು ನೀನು ಊರೆಲ್ಲ ಸಾರಿದೆ. ಸೆಲ್ವಿಯ ಅಮ್ಮ ಮಾರಿಯಮ್ಮ ತೀರಿಕೊಂಡಾಗ ಮುಖ ನೋಡಲೂ ಅವಳು ನನ್ನನ್ನು ಒಳಗೆ ಬಿಡಲಿಲ್ಲ. ಏಟು ತಾಳಲಾರದೆ ಹೇಳಿದೆ ಎಂದು ನಾಲ್ಕು ಸಲ ಕೈಮುಗಿದೆ. "ನಿಮ್ಮಣ್ಣ ಅಂಗ್ ಏಳಿಲ್ವಲ್ಲ" ಎಂದು ಬಾಗಿಲು ಹಾಕಿಕೊಂಡಳು. ಅವಳ ಮಾತೂ ಸರಿಯೇ.

ಅಮ್ಮನ ಆಶೀರ್ವಾದ. ಅತ್ತಿಗೆಗೆ ನನ್ನ ನೆನಪು ಹೇಳು. ನಿನಗೆ, ಮೊದಲು ಹುಟ್ಟಿದವನೆಂಬ ಒಂದೇ ಕಾರಣಕ್ಕೆ, ನಮಸ್ಕಾರ.

ನಿನ್ನ ತಂಗಿ,
ಕಲಾ

ವಿ.ಸೂ.: ಕವರು ಅಂಟಿಸಲು ಹೋದವಳು ಮತ್ತೆ ಕೂತೆ. ನಿನ್ನ ಜೊತೆ ಕೆಲಸ ಮಾಡುವ ಸುಧಾಕರ್ ಎಲ್ಲ ಹೇಳಿದ. ಕಂಪನಿ ಬಸ್ಸಿನಲ್ಲಿ ಎದೆ ಹಿಡಿದುಕೊಂಡು ಎರಡು ಸಲ ನಡುದಾರಿಯಲ್ಲೇ ಇಳಿದೆಯಂತೆ. ಇಸಿಜಿ ಸರಿಯಾಗಿದೆಯಂತೆ. "ನನ್ ತಂಗೀಗ್ ಮಾತ್ರ ಏಳ್ಬೇಡ ಕಣ್ಲಾ" ಅಂದೆಯಂತೆ. ಕೇಳಿ ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಇಪ್ಪತ್ತೆರಡರ ಬುಧವಾರ ನಿನ್ನನ್ನು ಕರೆತರುವುದಾಗಿ ಡಾಕ್ಟರಮ್ಮನಿಗೆ ಹೇಳಿಟ್ಟಿದ್ದೇನೆ, ರಜೆ ಹಾಕಿ ಬಾ. ಪಕ್ಕದಲ್ಲಿ ಕೂತು ನಾನೂ ಕಲಿಸುತ್ತೇನೆ. ಆದರೆ ಮೊದಲು ಸೆಲ್ವಿಯ ಬಾಗಿಲಿಗೆ. ಬೀದಿ ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ, ಎಲ್ಲರೂ ಬಿಂದಿಗೆ ಹಿಡಿದು ನಿಂತಿರುವಾಗ, ದೆವ್ವ ಇರಲಿಲ್ಲ, ಹೊಡೆಸಿ ಹೆಸರು ಹೇಳಿಸಿದವನು ನಾನೇ ಎಂದು ಕೂಗಿ ಹೇಳಬೇಕು. ಅಲ್ಲಿ ನಿನ್ನ ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ. ಹೇಳಿ ಮುಗಿಸುವವರೆಗೆ, ಉಸಿರು ಬಿಡುವುದು ಹೇಗೆಂದು ನಾನು ನಿನಗೆ ಹೇಳಿಕೊಡುವುದಿಲ್ಲ.