ಲಸಿಕೆಯ ಕಾಗದ

ಜೂನ್ ೧೭, ಮಂಗಳವಾರ

ಒಂಬತ್ತು ವರ್ಷ ಹಲ್ಲಿನ ಡಾಕ್ಟರ ಪಕ್ಕ ಸಹಾಯಕಿಯಾಗಿ ನಿಂತವಳಿಗೆ ಈಗ ಸರ್ಕಾರದ ಲೈಸೆನ್ಸ್ ಬೇಕಂತೆ. ಎಕ್ಸ್‌ರೇ ಪರೀಕ್ಷೆ ಪಾಸಾದೆ, ಅನುಭವ ಪತ್ರವೂ ಸಿಕ್ಕಿತು. ಉಳಿದದ್ದು ಹೆಪಟೈಟಿಸ್ ಬಿ, ಅಂದರೆ ರಕ್ತದಿಂದ ಹರಡುವ ಕಾಮಾಲೆಯ ಲಸಿಕೆಯ ಕಾಗದ. ಅದಕ್ಕೆ ಮೊದಲು ರಕ್ತಪರೀಕ್ಷೆ. ಇವತ್ತು ವರದಿ ಬಂತು. ಕಾಮಾಲೆಯ ವೈರಸ್ ಆಗಲೇ ನನ್ನ ರಕ್ತದಲ್ಲಿದೆ.

ಆರು ವರ್ಷದ ಹಿಂದೆ ರೋಗಿಗೆ ಚುಚ್ಚಿದ್ದ ಸೂಜಿ ನನ್ನ ಹೆಬ್ಬೆರಳಿಗೆ ನಾಟಿದಾಗ ಡಾಕ್ಟರು ತಲೆಯೆತ್ತದೆ, "ಸೋಪು ಹಾಕಿ ತೊಳ್ಕೊಳಮ್ಮ, ಏನೂ ಆಗಲ್ಲ" ಅಂದಿದ್ದರು. ನಂಬಿದೆ. ಕುರ್ಚಿಯಲ್ಲಿ ನಡುಗುವವರಿಗೆಲ್ಲ ನಾನೂ "ಏನೂ ಆಗಲ್ಲ" ಅಂತಲೇ ಹೇಳುತ್ತಾ ಬಂದೆ.

ವರದಿ ತೋರಿಸಿದೆ. "ನಾಳೆಯಿಂದ ಬರೋದು ಬೇಡ" ಅಂದರು. ಪುಣ್ಯಾತ್ಮ, ಈಗಲೂ ತಲೆಯೆತ್ತಲಿಲ್ಲ.

ಮಗಳು ಹುಟ್ಟಿದ್ದು ಆ ಸೂಜಿ ಚುಚ್ಚಿದ ಮರುವರ್ಷ. ನಾಳೆ ಅವಳ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು. "ಸೂಜಿ ಚುಚ್ಚಿದ್ರೆ ಏನಾಗುತ್ತಮ್ಮಾ?" ಅಂದಳು ಮಲಗುವಾಗ.

ದಿನಕ್ಕೆ ಇಪ್ಪತ್ತು ಸಲ ಹೇಳುವ ಆ ಮಾತು ಬಾಯಿಗೆ ಬರಲಿಲ್ಲ.