ಸರಳ ಗಣಿತದ ಹುಡುಗಿಯರು

ಖಾನಾಪುರ
ಏಪ್ರಿಲ್ ೨೬, ಭಾನುವಾರ

ಒಂದು ಕಾಲದ ನನ್ನ ಪ್ರೀತಿಯ ಮಾಯವ್ವ ಮೇಡಂಗೆ, ನಿಮ್ಮ ಫ್ಯಾನ್ ನಂಬರ್ ಒನ್ ಮಹೇಕಳ ಸಲಾಂ.

ದಿನಾ ಒಂದೇ ಮೆಸೇಜ್ ಕಳಿಸಿದೆನೆಂದು ನನ್ನನ್ನು ಬ್ಲಾಕ್ ಮಾಡಿದಿರಿ. ‘ಯಾಕ್ರಿ ಮೇಡಂ?’ ಅಷ್ಟೇ ಇತ್ತು ಅದರಲ್ಲಿ. ಅದಕ್ಕೇ ಈ ಕಾಗದ, ನಿಮ್ಮ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತೇನೆ. ನೀಲಿ ಟಿಕ್ ಬರದಿದ್ದರೂ ನಡೆಯುತ್ತದೆ. ನಾಳೆ ಹತ್ತನೇ ತರಗತಿ ರಿಸಲ್ಟ್.

ನೀವು ಬೋರ್ಡಿನ ಮೇಲೆ ಬರಿಗೈಯಲ್ಲಿ ವೃತ್ತ ಎಳೆದದ್ದನ್ನು ಸ್ಟೇಟಸ್ ಹಾಕಿಕೊಂಡವಳು ನಾನು. ಎರಡು ದರ್ಜೆ ಗಣಿತದ ಕಾನೂನು ಬೆಳಗಾವಿ ಅಧಿವೇಶನದಲ್ಲಿ ಪಾಸಾದಾಗ ನೀವೇ ಬಿಡಿಸಿ ಹೇಳಿದಿರಿ: ಕಷ್ಟ ಅನ್ನುವವರು ಸರಳ ಗಣಿತ ತೆಗೆದುಕೊಳ್ಳಬಹುದು, ಆದರೆ ಅವರಿಗೆ ಪಿಯುಸಿ ಸೈನ್ಸ್ ಇಲ್ಲ, ಆಯ್ಕೆ ಮನೆಯವರದು. ‘ಷರತ್ತು ಪೂರಾ ಓದದ ಯಾ ಲೆಕ್ಕಕ್ಕೂ ಕೈ ಹಚ್ಚಬ್ಯಾಡ್ರಿ’ ಎಂದೂ ಅಂದಿರಿ.

ಆಮೇಲೆ ಹೆಡ್‌ಮಾಸ್ತರ ಬಾಳೇಶ ಸರ್‌ಗೆ ನೂರಕ್ಕೆ ನೂರು ರಿಸಲ್ಟ್ ಬೇಕಾಯಿತು. ನೀವು ನಮ್ಮ ಮನೆಗಳಿಗೆ ಫೋನ್ ಹಚ್ಚಿದಿರಿ. ಹಂಚಿನ ಭಟ್ಟಿಯ ಮುಂದೆ ನಿಂತಿದ್ದ ಅಬ್ಬಾಗೆ ‘ಹುಡುಗಿಗೆ ಯಾಕ ತ್ರಾಸ್ ರಿ ಗನಿಭಾಯ್, ಸರಳಾನ ಚಲೋ’ ಅಂದಿರಿ. ‘ನೀವ್ ಹೇಳಿದ ಮ್ಯಾಲ ಮುಗೀತ್ರಿ ಅಕ್ಕಾರ’ ಎಂದು ಅವರು ಒಪ್ಪಿದರು. ಮೇಡಂ ಖುದ್ದು ಫೋನ್ ಮಾಡಿದರೆಂದು ಖುಷಿಯಾಗಿ ಸಿಹಿಗೆಂದು ಕುಂದಾ ತಂದರು! ನನ್ನ ಸೈನ್ಸ್ ಹೋಯಿತೆಂದು ನೀವು ಅವರಿಗೆ ಹೇಳಲೇ ಇಲ್ಲ. ಅರ್ಧವಾರ್ಷಿಕದಲ್ಲಿ ನನಗಿಂತ ಕಡಿಮೆ ಅಂಕ ಪಡೆದ ನಿಮ್ಮ ಮಗಳು ಲಕ್ಷ್ಮೀಗೆ ಮಾತ್ರ ಪೂರ್ತಿ ಗಣಿತ.

ಸರಿ, ನಾವೂ ಷರತ್ತು ಪೂರಾ ಓದಿದೆವು. ಕ್ಲಾಸಿನ ಹುಡುಗಿಯರ ಗ್ರೂಪಿನಲ್ಲಿ ಕಾನೂನಿನ ಒಂದೊಂದು ಸಾಲು ಹಾಕಿ ಜಗಳಾಡಿ ಓದಿದೆವು. ಫೇಲಾದವರು ಮರುಪರೀಕ್ಷೆಗೆ ಯಾವ ಗಣಿತ ಬೇಕಾದರೂ ತಾವೇ ಆರಿಸಿಕೊಳ್ಳಬಹುದು, ಮನೆಯವರ ಒಪ್ಪಿಗೆ ಬೇಕಿಲ್ಲ. ನನ್ನ ಬೆಂಚಿನ ಜೋಹರಾ ತಕ್ಷಣ ವಾಯ್ಸ್ ನೋಟ್ ಬಿಟ್ಟಳು: ‘ಲೇ, ಪಾಸಾದ್ರ ಸಿಕ್ಕೊಂಡ್ವಿ, ಫೇಲಾದ್ರ ಬಚಾವ್!’

ಪರೀಕ್ಷೆಯ ದಿನ ನಾವು ಸರಳ ಗಣಿತದವರೆಲ್ಲ ರಿಜಿಸ್ಟರ್ ನಂಬರ್ ಮಾತ್ರ ಬರೆದು ಪೆನ್ನು ಕೆಳಗಿಟ್ಟೆವು. ಪಕ್ಕದ ಕೋಣೆಯಲ್ಲಿ ನಮ್ಮ ಕ್ಲಾಸಿನ ಸಿದ್ದಕ್ಕ ನಿದ್ದೆಯನ್ನೇ ಹೊಡೆದಳು. ಮೇಲ್ವಿಚಾರಕರು ಎಬ್ಬಿಸಿ ‘ಯವ್ವಾ, ಪೆನ್ನ ಕೊಡ್ಲೇನು?’ ಎಂದರೆ ‘ಬ್ಯಾಡ್ರಿ ಸರ್, ಚಾ ಇದ್ರ ಕೊಡ್ರಿ’ ಅಂದಳಂತೆ.

ಬಸ್ ಸ್ಟ್ಯಾಂಡಿನಲ್ಲಿ ‘ನೂರಕ್ಕೆ ನೂರು’ ಬ್ಯಾನರ್ ಈಗಾಗಲೇ ಕಟ್ಟಿಸಿದ್ದಾರೆ. ಇರಲಿ, ಯಾರೂ ಬಿಚ್ಚಬೇಡಿ. ನಾಳೆ ಅದರ ಕೆಳಗೆ ನಿಂತು ಬಾಳೇಶ ಸರ್ ಗಣಿತ ಕಲಿಸಿದವರು ಯಾರೆಂದು ಕೇಳುತ್ತಾರಲ್ಲ, ಆಗ ನಿಮ್ಮ ಮುಖ ನೋಡಲೆಂದೇ ಬರುತ್ತೇನೆ.

ಅಬ್ಬಾಗೆ ನಿನ್ನೆ ಎಲ್ಲ ಹೇಳಿದೆ. ಫೇಲಾಗುವುದಕ್ಕೆ ಬೈಯಲಿಲ್ಲ. ‘ಅಕ್ಕಾರ ಹಂಗ ಮಾಡಿದ್ರಾ?’ ಎಂದಷ್ಟೇ ಕೇಳಿದರು. ಉತ್ತರ ನೀವೇ ಬಂದು ಕೊಡಿ.

ನಿಮ್ಮನ್ನು ಇನ್ನೂ ಬ್ಲಾಕ್ ಮಾಡಲಾಗದ,
ಮಹೇಕ

ತಾ.ಕ.: ಚಲೋ ಬರೆದಿದ್ದೇನೆಂದು ಲಕ್ಷ್ಮೀ ನಿಮಗೆ ಹೇಳಿದ್ದು ಸುಳ್ಳು. ನೀವು ಮಾಡಿದ ಫೋನ್‌ಗಳನ್ನೆಲ್ಲ ಪಕ್ಕದಲ್ಲೇ ಕೂತು ಕೇಳಿದ್ದಳಂತೆ. ಅವಳೂ ಹಾಳೆ ಖಾಲಿ ಬಿಟ್ಟಿದ್ದಾಳೆ. ಬಿಡೆಂದು ನಾನು ಹೇಳಿರಲಿಲ್ಲ, ಬೇಡವೆಂದೂ ಹೇಳಲಿಲ್ಲ. ಇನ್ನು ಮರುಪರೀಕ್ಷೆಗೆ ಮನೆಯಲ್ಲಿ ನೀವು ಅವಳಿಗೆ ಪೂರ್ತಿ ಗಣಿತ ಕಲಿಸಲೇಬೇಕಲ್ಲ. ನಮ್ಮ ಗ್ರೂಪಿಗೆ ಕಾಲ್ ಹಚ್ಚಿ ಫೋನ್ ಚಾಲೂ ಇಟ್ಟಿರುತ್ತಾಳೆ. ಜೋರಾಗಿ ಕಲಿಸಿ ಮೇಡಂ, ನಾವೆಲ್ಲ ಕೇಳುತ್ತಿರುತ್ತೇವೆ.