ಪುಟ ಹದಿನಾಲ್ಕರ ಡಾಕ್ಟರ್ ಅಪ್ಪ

ಮಾನ್ಯ ಮೌಲ್ಯಮಾಪನ ಕುಲಸಚಿವರೇ,

ಮೊದಲ ವರ್ಷದ ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ನಮ್ಮ ಕಾಲೇಜಿನ ತೊಂಬತ್ತಾರು ಮಕ್ಕಳ ಪೈಕಿ ತೊಂಬತ್ತೈದು ಮಂದಿ ಪಾಸಾದರು, ಒಬ್ಬಳು ಫೇಲಾದಳು. ಆ ತೊಂಬತ್ತೈದು ಮಂದಿ ಬಾಯಿಪಾಠ ಒಪ್ಪಿಸಿದರು. ಆ ಒಬ್ಬಳು ಮಾತಾಡಿದಳು. ನನ್ನ ದೂರು ಇಷ್ಟೇ. ಇಲ್ಲಿಗೇ ಮುಗಿಸಬಹುದಿತ್ತು, ಆದರೆ ಒಂದು ಪುಟ ತುಂಬದ ಅರ್ಜಿಯನ್ನು ತಮ್ಮ ಕಚೇರಿಯಲ್ಲಿ ಅರ್ಜಿ ಎಂದೇ ಎಣಿಸುವುದಿಲ್ಲವಂತೆ. ಹಾಗಾಗಿ ವಿಸ್ತರಿಸುತ್ತೇನೆ.

ಈ ಮಕ್ಕಳಿಗೆ ಇಂಗ್ಲಿಷಿನಲ್ಲಿ ಮಾತಾಡುವುದನ್ನೂ ಬರೆಯುವುದನ್ನೂ ಕಲಿಸುವ ಅಧ್ಯಾಪಕಿ ನಾನು. ನಲವತ್ತೆಂಟು ನಿಮಿಷದ ಪೀರಿಯಡ್, ತೊಂಬತ್ತಾರು ತಲೆ. ತಲೆಗೆ ಅರ್ಧ ನಿಮಿಷ. ಅದರಲ್ಲಿ ಬೆಂಚಿನಿಂದ ಎದ್ದು ನಿಲ್ಲುವುದಕ್ಕೇ ಕಾಲು ನಿಮಿಷ, ನಾಚಿಕೆಗೆ ಇನ್ನು ಕಾಲು. ಇಬ್ಬಿಬ್ಬರನ್ನು ಜೋಡಿ ಮಾಡಿ ಎಲ್ಲರನ್ನೂ ಒಟ್ಟಿಗೆ ಮಾತಾಡಿಸಿದರೆ ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಗೋಡೆ ಗುದ್ದುತ್ತಾರೆ. ಹೋದ ವರ್ಷ ಸುತ್ತೋಲೆಯೇ ಬಂತು: 'ಮಾತಿನ ಕೌಶಲದ ತರಗತಿಯಲ್ಲಿ ನಿಶ್ಶಬ್ದ ಕಾಪಾಡತಕ್ಕದ್ದು.' ನೀರಿಗಿಳಿಯದೆ ಈಜು ಕಲಿಸು ಎನ್ನುವುದನ್ನು ಇಷ್ಟು ಶುದ್ಧ ಭಾಷೆಯಲ್ಲಿ ಯಾರೂ ಹೇಳಿರಲಿಕ್ಕಿಲ್ಲ. ನಾನು ಅದನ್ನು ಸಹಿ ಹಾಕಿ ತೆಗೆದುಕೊಂಡೆ.

ಹಾಗಾದರೆ ಮಕ್ಕಳು ಪಾಸಾಗುವುದು ಹೇಗೆ? ತಾವೇ ಅಚ್ಚು ಹಾಕಿಸಿ ಹಂಚಿರುವ ಕೈಪಿಡಿಯ ಹದಿನಾಲ್ಕನೇ ಪುಟದಿಂದ. ಅಲ್ಲಿ 'ಮಾದರಿ ಸ್ವಪರಿಚಯ' ಇದೆ. ಮೈ ಫಾದರ್ ಈಸ್ ಎ ಡಾಕ್ಟರ್. ಮೈ ಹಾಬಿ ಈಸ್ ಗಾರ್ಡನಿಂಗ್. ಇಪ್ಪತ್ತೈದು ಅಂಕದಲ್ಲಿ ಹದಿನೈದು 'ಮಾದರಿಗೆ ಹೊಂದಾಣಿಕೆ'ಗೆ ಮೀಸಲು. ಆದ್ದರಿಂದ ಪ್ರತಿ ವರ್ಷ ಪರೀಕ್ಷೆಯ ದಿನ ಟೈಲರ್ ಮಗನೂ ಡಾಕ್ಟರ್ ಮಗನಾಗುತ್ತಾನೆ, ಅಪ್ಪನ ಮುಖವನ್ನೇ ನೋಡದ ಹುಡುಗಿಗೂ ಡಾಕ್ಟರ್ ಅಪ್ಪ ಸಿಗುತ್ತಾನೆ. ಅಬ್ಬಬ್ಬಾ, ಒಂದೇ ತರಗತಿಯಲ್ಲಿ ಎಷ್ಟೊಂದು ಡಾಕ್ಟರ ಮಕ್ಕಳು! ಕಾಲೇಜಿನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಮಾತ್ರ ಒಂದು ತುಂಡು ಬ್ಯಾಂಡೇಜೂ ಇಲ್ಲ.

ಈ ಸಲ ಒಬ್ಬಳು ಆ ಡಾಕ್ಟರ್ ಅಪ್ಪನನ್ನು ಬೇಡವೆಂದಳು. ಕೊನೆಯ ಬೆಂಚಿನವಳು, ವರ್ಷವಿಡೀ ನನ್ನೆದುರು 'ಎಸ್ ಮೇಡಂ' ಬಿಟ್ಟು ಬೇರೆ ಮಾತು ಆಡಿದವಳಲ್ಲ. ತಾವು ಕಳಿಸಿದ ಹೊರಗಿನ ಪರೀಕ್ಷಕರ ಎದುರು, ಕುರ್ಚಿಯ ಬೆನ್ನು ಹಿಡಿದುಕೊಂಡು, ಅವಳು ತನ್ನ ತಾಯಿಯ ಬಗ್ಗೆ ಮಾತಾಡಿದಳು. ಇಂಗ್ಲಿಷ್ ಕುಂಟುತ್ತಿತ್ತು, ಒಪ್ಪುತ್ತೇನೆ. ಸಾರ ಇದು: ನಮ್ಮಪ್ಪ ಇಲ್ಲ. ನಮ್ಮಮ್ಮ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುತ್ತಾಳೆ. ಎಂಟು ಮಹಡಿ. ದಿನಾ ನೂರು ಸಲ ಮೇಲೆ ಹೋಗುತ್ತಾಳೆ, ಆದರೂ ಕಿಟಕಿಯಿಂದ ಏನು ಕಾಣುತ್ತದೆ ಎಂದು ಅವಳಿಗೆ ಗೊತ್ತಿಲ್ಲ. ಡಾಕ್ಟರುಗಳು ಲಿಫ್ಟಿನಲ್ಲಿ ಬರುತ್ತಾರೆ, ಅವಳಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಅವಳಿಗೆ ಬರುವ ಇಂಗ್ಲಿಷ್ ಮಹಡಿಗಳ ಹೆಸರು ಮಾತ್ರ. ನನಗೆ ಮೊದಲು ಇಂಗ್ಲಿಷ್ ಕಲಿಸಿದವಳು ಅವಳೇ.

ಪೂರಾ ಎರಡು ನಿಮಿಷ! ನಾನು ಗೋಡೆಗೆ ಒರಗಿ ನಿಂತಿದ್ದೆ, ಕಣ್ಣು ತುಂಬಿತ್ತು. ಪರೀಕ್ಷಕರು ಹದಿನಾಲ್ಕನೇ ಪುಟದ ಮೇಲೆ ಬೆರಳಿಟ್ಟುಕೊಂಡು ಸಾಲು ಹುಡುಕುತ್ತಿದ್ದರು. ಇಪ್ಪತ್ತೈದಕ್ಕೆ ಏಳು. ಷರಾ: 'ಮಾದರಿಯಂತಿಲ್ಲ.'

ಮರುಮೌಲ್ಯಮಾಪನ ಕೋರಿದೆ. ಮಾತಿಗೆ ಉತ್ತರಪತ್ರಿಕೆ ಇಲ್ಲದ ಕಾರಣ ಅದಕ್ಕೆ ಅವಕಾಶವಿಲ್ಲ ಎಂದು ತಮ್ಮ ಕಚೇರಿ ಉತ್ತರಿಸಿತು. ಮರುಪರೀಕ್ಷೆ ಇರುವುದು ಆರು ತಿಂಗಳ ಮೇಲೆ. ಫೇಲಾದವರಿಗೆ ಹಾಸ್ಟೆಲ್ ಸೀಟಿಲ್ಲ, ಸೀಟಿನ ಪಟ್ಟಿ ಹೊರಬೀಳುವುದು ಬರುವ ಸೋಮವಾರ. ಸೀಟು ಹೋದರೆ ಇವಳಿಗೆ ಈ ಊರಲ್ಲಿ ನಿಲ್ಲಲು ನೆಲೆಯಿಲ್ಲ. ತಾಯಿ ಇರುವುದು ಬೇರೆ ಊರಿನಲ್ಲಿ, ಆಸ್ಪತ್ರೆಯ ಆಯಾಗಳ ಜೊತೆ ಹಂಚಿಕೊಂಡ ಒಂದು ಕೋಣೆಯಲ್ಲಿ. ಅಂದರೆ ಸೋಮವಾರಕ್ಕೆ ಅವಳ ಓದು ಮುಗಿಯುತ್ತದೆ.

ಕೂತಲ್ಲಿ ಕೂರಲಾಗದೆ ಮೊನ್ನೆ ಭಾನುವಾರ ಮೂರು ಗಂಟೆ ಕಾಲ ಬಸ್ಸಿನಲ್ಲಿ ಹೋಗಿ ಆ ತಾಯಿಯನ್ನು ಕಂಡೆ. ಲಿಫ್ಟ್ ಬಿಟ್ಟು ಬರುವ ಹಾಗಿಲ್ಲ ಎಂದರು, ನಾನೇ ಒಳಗೆ ಹೋಗಿ ನಿಂತೆ.

"ಏನ್ ತಪ್ಪು ಹೇಳಿದ್ಲು ಮೇಡಂ ನನ್ ಮಗಳು? ಥರ್ಡ್ ಫ್ಲೋರ್! ಸ್ವಲ್ಪ ಹಿಂದೆ ಸರೀರಿ ಸಾರ್."

"ತಪ್ಪೇನೂ ಇಲ್ಲಮ್ಮ. ಇದ್ದದ್ದನ್ನ ಇದ್ದ ಹಾಗೆ ಹೇಳಿದ್ಲು."

"ನನ್ ಕೆಲ್ಸ ಹೇಳ್ಬಿಟ್ಲಾ? ಅಯ್ಯೋ, ಅಲ್ಲೇ ಎಡವಟ್ಟಾಗಿರೋದು ಬಿಡಿ. ಫಿಫ್ತ್ ಫ್ಲೋರ್! ಅಪ್ಪ ಡಾಕ್ಟ್ರು ಅಂದಿದ್ರೆ ಇವಳ ಗಂಟೇನ್ ಹೋಗ್ತಿತ್ತು? ನಾನೇನ್ ಬೇಜಾರ್ ಮಾಡ್ಕೋತಿದ್ನಾ?"

ಎಂಟನೇ ಮಹಡಿಯಲ್ಲಿ ಎಲ್ಲರೂ ಇಳಿದರು. ಅವರು ಬಾಗಿಲು ಹಾಕಿ, ಗುಂಡಿ ಒತ್ತದೆ ಹಾಗೇ ನಿಂತರು.

"ನನ್ ಬಗ್ಗೆ ಎರಡು ನಿಮಿಷ ಮಾತಾಡಿದ್ಲಾ? ಇಂಗ್ಲಿಷಲ್ಲಿ? ಏನೇನಂದ್ಲು ಮೇಡಂ?"

ಹೇಳಿದೆ, ಒಂದು ಮಾತೂ ಬಿಡದೆ. ಅಲ್ಲಿಂದ ಕೆಳಗೆ ಬರುವವರೆಗೂ ಅವರು ಒಂದು ಮಹಡಿಯ ಹೆಸರನ್ನೂ ಕೂಗಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನು. ಆ ಹದಿನಾಲ್ಕನೇ ಪುಟ ಬರೆದವಳು ನಾನೇ. ಹನ್ನೊಂದು ವರ್ಷದ ಹಿಂದೆ, ಪಠ್ಯ ಸಮಿತಿಯ ಸಭೆಯಲ್ಲಿ, ಚಹಾ ಬರುವಷ್ಟರಲ್ಲಿ ಗೀಚಿ ಕೊಟ್ಟದ್ದು. ನನ್ನ ಅಪ್ಪ ಡಾಕ್ಟರಲ್ಲ. ಛಾಪಖಾನೆಯಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು; ಒಂದು ಮಾತೂ ಬರದ ಇಂಗ್ಲಿಷನ್ನು ಜೀವಮಾನವಿಡೀ ತಲೆಕೆಳಗಾಗಿ ಜೋಡಿಸಿದವರು. ಸಮಿತಿಯ ದೊಡ್ಡವರೆದುರು ಅದನ್ನು ಬರೆಯಲು ನನಗೆ ನಾಚಿಕೆಯಾಯಿತು, ಡಾಕ್ಟರ್ ಎಂದು ಬರೆದೆ. ಆ ನಾಚಿಕೆಯನ್ನೇ ತಾವು ಹನ್ನೊಂದು ವರ್ಷದಿಂದ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದೀರಿ, ನಾನು ಕಲಿಸುತ್ತಿದ್ದೇನೆ. ನನಗೆ ಶಿಕ್ಷೆ ಕೊಡುವುದಿದ್ದರೆ ಧಾರಾಳವಾಗಿ ಕೊಡಿ. ಅವಳಿಗೇಕೆ?

ನಿನ್ನೆ ಆ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಬಾಗಿಲಲ್ಲೇ ನಿಂತು, ಕೈ ಕಟ್ಟಿಕೊಂಡು, ಹದಿನಾಲ್ಕನೇ ಪುಟವನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಡಾಕ್ಟರ್ ಅಪ್ಪ, ಗಾರ್ಡನಿಂಗ್, ಎಲ್ಲವೂ. ಎಲ್ಲೂ ತಡವರಿಸಲಿಲ್ಲ.

"ಈಗ ಸರಿಯಾಯ್ತಾ ಮೇಡಂ? ಈಗ ಹಾಸ್ಟೆಲಲ್ಲಿ ಇರ್ಬೋದಾ?"

ಆ ಪ್ರಶ್ನೆ ನನ್ನದಲ್ಲ, ತಮ್ಮದು. ಆದ್ದರಿಂದ ತಮಗೆ ದಾಟಿಸುತ್ತಿದ್ದೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಸೋಮವಾರದೊಳಗೆ ನಮ್ಮ ಕಾಲೇಜಿಗೆ ಬನ್ನಿ. ಕೈಪಿಡಿ ತರಬೇಡಿ. ಎರಡು ನಿಮಿಷ ಅವಳೆದುರು ಕೂತು, ನಿಮ್ಮಮ್ಮ ಏನು ಮಾಡುತ್ತಾರಮ್ಮಾ ಎಂದು ಕೇಳಿ, ಉತ್ತರ ಮುಗಿಯುವ ತನಕ ಕೇಳಿಸಿಕೊಳ್ಳಿ, ಆಮೇಲೆ ಅಂಕ ಹಾಕಿ. ಹೋಗುವಾಗ ಹದಿನಾಲ್ಕನೇ ಪುಟ ಹರಿದು ನನ್ನ ಕೈಗೆ ಕೊಟ್ಟು ಹೋಗಿ. ಆದರೆ ಬೇಗ ಬನ್ನಿ ಸ್ವಾಮಿ. ಅವಳಿಗೆ ಆ ಪುಟ ಆಗಲೇ ಬಾಯಿಗೆ ಬಂದಿದೆ. ಇನ್ನು ನಾಲ್ಕು ದಿನ ಕಳೆದರೆ, ತಾವು ಕೇಳಿದಾಗಲೂ ಅವಳು ಅದನ್ನೇ ಹೇಳಿಯಾಳು.

ಇಂತಿ, ಈ ವಾರದ ಮಟ್ಟಿಗೆ ತಮ್ಮ ವಿಧೇಯಳಾಗಿರಲಾರದ,
ಅಚ್ಚುಮೊಳೆ ಜೋಡಿಸುತ್ತಿದ್ದವರ ಮಗಳು